ಪದ ಗೊತ್ತು, ಮಾತು ಗೊತ್ತಾಗುತ್ತಿಲ್ಲ: ಇಂಗ್ಲಿಷ್ ನುಡಿಗಟ್ಟುಗಳನ್ನು ಬಿಡಿಸಿಕೊಳ್ಳುವ ದಾರಿ

ಬೆಂಗಳೂರಿನ ಒಂದು ಆಫೀಸಿಗೆ ಅಮೆರಿಕದ ಮ್ಯಾನೇಜರ್‌ರಿಂದ ಹೀಗೊಂದು ಮೇಲ್ ಬಂತು ಅಂತಿಟ್ಟುಕೊಳ್ಳಿ: "ಜಸ್ಟ್ ಟಚಿಂಗ್ ಬೇಸ್. ಕ್ಯಾನ್ ಯು ಗಿವ್ ಮಿ ಎ ಬಾಲ್‌ಪಾರ್ಕ್ ಫಿಗರ್ ಬೈ ಫ್ರೈಡೇ? ದಿ ಕ್ಲೈಂಟ್ ಹ್ಯಾಸ್ ಮೂವ್ಡ್ ದಿ ಗೋಲ್‌ಪೋಸ್ಟ್ಸ್ ಅಗೇನ್, ಸೋ ಲೆಟ್ಸ್ ಪ್ಲೇ ದಿ ರೆಸ್ಟ್ ಬೈ ಇಯರ್."

ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಟಚ್, ಬಾಲ್, ಪಾರ್ಕ್, ಗೋಲ್, ಪ್ಲೇ, ಇಯರ್ ಎಲ್ಲವೂ ಸಣ್ಣ ಕ್ಲಾಸಿನಲ್ಲೇ ಕಲಿತ ಪದಗಳು. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಈ ಮೂರು ಸಾಲು ತಲೆಬುಡ ತಿಳಿಯುವುದಿಲ್ಲ. ಡಿಕ್ಷನರಿಯಲ್ಲಿ ಪದಪದ ಹುಡುಕಿದರೂ ಕೈಗೆ ಏನೂ ಹತ್ತುವುದಿಲ್ಲ. "ನನ್ನ ಇಂಗ್ಲಿಷೇ ಸರಿಯಿಲ್ಲ" ಅಂತ ಎಷ್ಟೋ ಜನ ಕೊರಗುವುದು ಇಲ್ಲೇ. ಕೊರಗಬೇಕಾಗಿಲ್ಲ. ನಿಮಗೆ ಗೊತ್ತಿಲ್ಲದಿರುವುದು ವ್ಯಾಕರಣವಲ್ಲ, ಪದಗಳೂ ಅಲ್ಲ. ಆ ಪದಗಳು ಒಟ್ಟಿಗೆ ಸೇರಿದಾಗ ಏನು ಹೇಳುತ್ತವೆ ಅನ್ನುವುದಷ್ಟೇ. ಅದನ್ನು ಕಂಡುಹಿಡಿಯುವುದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನೇ ಇಲ್ಲಿ ಹೇಳುತ್ತೇನೆ.

ಶುರು ಮಾಡುವ ಮೊದಲು ಒಂದು ಮಾತು. ನುಡಿಗಟ್ಟುಗಳನ್ನು ಅರ್ಥ ಮಾಡಿಕೊಳ್ಳುವುದು ಬೇರೆ, ಬಳಸುವುದು ಬೇರೆ. ಮೊದಲನೆಯದು ಈವತ್ತೇ ಬೇಕು. ಎರಡನೆಯದಕ್ಕೆ ಅವಸರವಿಲ್ಲ. ನಮ್ಮಲ್ಲಿ ಇದು ತಿರುವುಮುರುವಾಗಿದೆ. "ನೂರು ಇಡಿಯಮ್ ಬಾಯಿಪಾಠ ಮಾಡಿ, ಇಂಟರ್‌ವ್ಯೂನಲ್ಲಿ ಬಳಸಿ" ಅಂತ ಹೇಳಿಕೊಡುವವರೇ ಜಾಸ್ತಿ. ಹಾಗೆ ಉರು ಹೊಡೆದದ್ದು ಬೇಕಾದ ಹೊತ್ತಿಗೆ ಬಾಯಿಗೆ ಬರುವುದಿಲ್ಲ. ಬಂದರೂ ಬಹಳ ಸಲ ಸಂದರ್ಭಕ್ಕೆ ಒಗ್ಗುವುದಿಲ್ಲ.

ಮೊದಲನೇ ಹೆಜ್ಜೆ: ಇದು ನುಡಿಗಟ್ಟು ಅಂತ ಗುರುತು ಹಿಡಿಯಿರಿ

ಕೆಲವು ತಾವಾಗಿಯೇ ಸಿಕ್ಕಿಬೀಳುತ್ತವೆ. "ಶಿ ಸ್ಪಿಲ್ಡ್ ದಿ ಬೀನ್ಸ್" ಅಂತ ಮೀಟಿಂಗ್ ನಡುವೆ ಯಾರಾದರೂ ಹೇಳಿದರೆ, ಅಲ್ಲಿ ಹುರುಳಿಕಾಯಿ ಚೆಲ್ಲಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಗುಟ್ಟು ಬಾಯಿಬಿಟ್ಟಳು ಅಂತ ಅದರರ್ಥ. ನೇರ ಅರ್ಥ ಅಸಂಬದ್ಧವಾದರೆ ಅದು ನುಡಿಗಟ್ಟು. ಇಷ್ಟು ಸುಲಭ.

ಮೋಸ ಹೋಗುವುದು ನೇರ ಅರ್ಥವೂ ಹೊಂದಿಕೆಯಾಗುವ ಕಡೆ. "ಹಿ ಗಾಟ್ ಕೋಲ್ಡ್ ಫೀಟ್" ಅಂದರೆ ಕಾಲು ತಣ್ಣಗಾಯಿತು ಅಂತ ಓದಿ ಮುಂದೆ ಹೋಗಿಬಿಡಬಹುದು. ಚಳಿಗಾಲದ ಕಥೆಯಾದರೆ ಅನುಮಾನವೇ ಬರುವುದಿಲ್ಲ. ನಿಜಕ್ಕೂ ಅಲ್ಲಿ ಹೇಳಿದ್ದು, ಮಾಡುತ್ತೇನೆ ಅಂತ ಒಪ್ಪಿಕೊಂಡ ಕೆಲಸಕ್ಕೆ ಕೊನೇ ಗಳಿಗೆಯಲ್ಲಿ ಧೈರ್ಯ ಸಾಲದೆ ಹಿಂಜರಿದ ಅಂತ.

ಇಂಥ ಕಡೆ ಕೈಹಿಡಿಯುವ ಒಂದು ಸುಳಿವಿದೆ. ಇದನ್ನು ಕನ್ನಡಿಗರು ಸಾಮಾನ್ಯವಾಗಿ ಗಮನಿಸುವುದಿಲ್ಲ, ಯಾಕೆಂದರೆ ನಮ್ಮ ಭಾಷೆಯಲ್ಲಿ ಅದಿಲ್ಲ. ಅದು "ದಿ" ಅನ್ನುವ ಪುಟ್ಟ ಪದ. ಇಂಗ್ಲಿಷಿನಲ್ಲಿ "ದಿ ಬಕೆಟ್" ಅಂದರೆ ಸಾಮಾನ್ಯವಾಗಿ ಮಾತಾಡುವವರಿಗೂ ಕೇಳುವವರಿಗೂ ಗೊತ್ತಿರುವ, ಯಾವುದೋ ಒಂದು ನಿರ್ದಿಷ್ಟ ಬಕೆಟ್. ಈಗ ಈ ಮಾತುಗಳನ್ನು ನೋಡಿ: ಕಿಕ್ ದಿ ಬಕೆಟ್, ಬೈಟ್ ದಿ ಬುಲೆಟ್, ಲರ್ನ್ ದಿ ರೋಪ್ಸ್, ಬ್ರೇಕ್ ದಿ ಐಸ್, ಸಿಟ್ ಆನ್ ದಿ ಫೆನ್ಸ್. ಯಾವ ಬಕೆಟ್? ಯಾವ ಗುಂಡು? ಯಾವ ಹಗ್ಗ? ಹಿಂದಿನ ಸಾಲುಗಳಲ್ಲಿ ಎಲ್ಲೂ ಅದರ ಸುದ್ದಿಯೇ ಇರುವುದಿಲ್ಲ. ಯಾರೂ ಎತ್ತದ ವಸ್ತುವಿಗೆ "ದಿ" ಅಂಟಿಕೊಂಡು ಬಂದಿದ್ದರೆ ಅಲ್ಲಿ ನಿಲ್ಲಿ. ಮುಕ್ಕಾಲು ಪಾಲು ಅದು ನುಡಿಗಟ್ಟೇ. ಎಲ್ಲ ನುಡಿಗಟ್ಟಿಗೂ "ದಿ" ಇರುವುದಿಲ್ಲ ನಿಜ. ಆದರೆ ಇರುವ ಕಡೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಅಪರೂಪ.

ಒಂಟಿ ಪದದೊಳಗೆ ಅಡಗಿದ ಅರ್ಥಗಳೂ ಇವೆ. "ದಿ ಪ್ರಾಜೆಕ್ಟ್ ವಾಸ್ ಶೆಲ್ವ್ಡ್" ಅಂದರೆ ಯೋಜನೆಯನ್ನು ಸದ್ಯಕ್ಕೆ ಬದಿಗಿಟ್ಟರು ಅಂತ. "ಐ ವಾಂಟ್ ಟು ಫ್ಲ್ಯಾಗ್ ಸಮ್‌ಥಿಂಗ್" ಅಂದರೆ ಒಂದು ವಿಷಯವನ್ನು ನಿಮ್ಮ ಗಮನಕ್ಕೆ ತರಬೇಕು ಅಂತ. ವಸ್ತುವಿನ ಹೆಸರು ಕ್ರಿಯಾಪದದ ಜಾಗದಲ್ಲಿ ಬಂದು ಕೂತಿದ್ದರೆ ಅದನ್ನೂ ಅನುಮಾನದಿಂದ ನೋಡಿ.

ಎರಡನೇ ಹೆಜ್ಜೆ: ಡಿಕ್ಷನರಿಗೆ ಮೊದಲು ಅಕ್ಕಪಕ್ಕದ ಸಾಲು

ಗುರುತು ಸಿಕ್ಕ ಕೂಡಲೇ ಫೋನ್ ತೆಗೆಯಬೇಡಿ. ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ? ಅಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಬಟ್, ಸೋ, ಅಗೇನ್, ಅಟ್ ಲಾಸ್ಟ್, ಅನ್‌ಫಾರ್ಚುನೇಟ್ಲಿ ಇಂಥ ಸಣ್ಣ ಪದಗಳೇ ಇದನ್ನು ಹೇಳಿಬಿಡುತ್ತವೆ.

ಆ ಮೇಲನ್ನೇ ತೆಗೆದುಕೊಳ್ಳೋಣ. ಮೊದಲ ಸಾಲು "ಜಸ್ಟ್" ಅಂತ ಶುರುವಾಗಿ ಅಲ್ಲೇ ಮುಗಿಯುತ್ತದೆ. ಅಂದರೆ ದೊಡ್ಡ ವಿಷಯ ಏನಿಲ್ಲ, ಮಾತಿಗೆ ಪೀಠಿಕೆ. ಎರಡನೇ ಸಾಲಿನಲ್ಲಿ "ಫಿಗರ್" ಇದೆ, ಶುಕ್ರವಾರದ ಗಡುವಿದೆ. ಹಾಗಾದರೆ ಕೇಳುತ್ತಿರುವುದು ಒಂದು ಅಂಕಿ. ಎಂಥ ಅಂಕಿ ಅನ್ನುವುದು ಮಾತ್ರ ಬಾಕಿ. ಮೂರನೆಯದರಲ್ಲಿ "ಅಗೇನ್" ಇದೆ. ಕ್ಲೈಂಟ್ ಏನೋ ಒಂದನ್ನು "ಮತ್ತೆ" ಮಾಡಿದ್ದಾರೆ. ಹೀಗೆ "ಮತ್ತೆ" ಅನ್ನುವ ಕಡೆ ಸಾಮಾನ್ಯವಾಗಿ ಬೇಸರ ಇರುತ್ತದೆ. ಆಮೇಲೆ "ಸೋ" ಬಂತು: ಅವರು ಹಾಗೆ ಮಾಡಿದ್ದರಿಂದ ನಾವು ಹೀಗೆ ಮಾಡೋಣ.

ನುಡಿಗಟ್ಟು ಒಂದೂ ಗೊತ್ತಿಲ್ಲದೆ ಇಷ್ಟು ತಿಳಿಯಿತು ನೋಡಿ. ಶುಕ್ರವಾರದೊಳಗೆ ಒಂದು ಅಂಕಿ ಕಳಿಸಬೇಕು, ಕ್ಲೈಂಟ್ ಮೇಲೆ ಬೇಸರವಿದೆ, ಉಳಿದದ್ದಕ್ಕೆ ಬೇರೆ ದಾರಿ ಹಿಡಿಯೋಣ ಅನ್ನುತ್ತಿದ್ದಾರೆ. ಇನ್ನು ಉಳಿದ ತುಣುಕುಗಳು ಹೀಗಿವೆ. "ಟಚ್ ಬೇಸ್" ಅಂದರೆ ಸಂಪರ್ಕ ಮಾಡಿ ಹೇಗೆ ನಡೀತಿದೆ ಅಂತ ವಿಚಾರಿಸುವುದು. "ಬಾಲ್‌ಪಾರ್ಕ್ ಫಿಗರ್" ಅಂದರೆ ಅಂದಾಜು ಲೆಕ್ಕ. "ಮೂವ್ ದಿ ಗೋಲ್‌ಪೋಸ್ಟ್ಸ್" ಅಂದರೆ ಆಟದ ನಡುವೆ ನಿಯಮ ಬದಲಿಸುವುದು, ಮೊದಲು ಒಂದು ಕೇಳಿ ಆಮೇಲೆ ಇನ್ನೊಂದು ಕೇಳುವುದು. "ಪ್ಲೇ ಇಟ್ ಬೈ ಇಯರ್" ಅಂದರೆ ಮೊದಲೇ ಯೋಜನೆ ಹಾಕಿಕೊಳ್ಳದೆ ಸಂದರ್ಭ ನೋಡಿಕೊಂಡು ಮಾಡುವುದು. ಸ್ವರಲಿಪಿ ಎದುರಿಗಿಟ್ಟುಕೊಳ್ಳದೆ ಕಿವಿಯನ್ನೇ ನಂಬಿ ವಾದ್ಯ ನುಡಿಸುತ್ತಾರಲ್ಲ, ಅಲ್ಲಿಂದ ಬಂದ ಮಾತು.

"ಬಾಲ್‌ಪಾರ್ಕ್" ತಿಳಿಯದೆ ಹೋದರೆ ಏನಾಗುತ್ತದೆ ಗೊತ್ತಾ? ಅವರು ಕೇಳಿದ್ದು ಹತ್ತು ನಿಮಿಷದಲ್ಲಿ ಕೊಡಬಹುದಾದ ಅಂದಾಜು. ನೀವು ಎರಡು ರಾತ್ರಿ ನಿದ್ದೆಗೆಟ್ಟು ಪೈಸೆಪೈಸೆ ಲೆಕ್ಕ ಹಾಕಿ ಕಳಿಸುತ್ತೀರಿ.

ಮೂರನೇ ಹೆಜ್ಜೆ: ಯಾವ ಕಸುಬಿನಿಂದ, ಯಾವ ಆಟದಿಂದ ಬಂದ ಮಾತು?

ಇದು ನನಗೆ ತುಂಬಾ ಇಷ್ಟವಾದ ಭಾಗ. ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಇದೇ. ಇಂಗ್ಲಿಷ್ ನುಡಿಗಟ್ಟುಗಳನ್ನು ಒಂದೊಂದಾಗಿ ಕಲಿಯಲು ಹೋದರೆ ಮುಗಿಯುವುದೇ ಇಲ್ಲ. ಅವುಗಳ ಮನೆತನ ಹಿಡಿದು ಕಲಿತರೆ ಒಂದರ ಬೆನ್ನಿಗೆ ಹತ್ತು ಬರುತ್ತವೆ.

ಅಮೆರಿಕನ್ನರ ಮಾತಿನಲ್ಲಿ ಬೇಸ್‌ಬಾಲ್ ತುಂಬಿದೆ. ಆ ಆಟದ ನಾಲ್ಕು ಸಂಗತಿ ಗೊತ್ತಿದ್ದರೆ ಸಾಕು. ಓಡುವವನು ಒಂದೊಂದೇ ಬೇಸನ್ನು ಮುಟ್ಟಿಕೊಂಡು ಹೋಗಬೇಕು. ಆಟದ ಮೈದಾನಕ್ಕೆ ಬಾಲ್‌ಪಾರ್ಕ್ ಅನ್ನುತ್ತಾರೆ. ಎಸೆಯುವವನು ಕೆಲವು ಸಲ ಬಾಗಿ ಬರುವ ಚೆಂಡು ಎಸೆಯುತ್ತಾನೆ, ಅದು ಕರ್ವ್‌ಬಾಲ್. ಹೊಡೆಯುವವನು ನಿಲ್ಲುವ ಜಾಗದ ಪಕ್ಕದಲ್ಲಿ ನೆಲಕ್ಕೆ ಹಾಸಿದ ಬಿಳಿ ರಬ್ಬರ್ ಹಲಗೆ ಪ್ಲೇಟ್. ಈಗ "ದೇ ಥ್ರೂ ಅಸ್ ಎ ಕರ್ವ್‌ಬಾಲ್" ಅಂದರೆ ನಿರೀಕ್ಷೆಯೇ ಇಲ್ಲದ ತೊಡಕು ತಂದಿಟ್ಟರು ಅಂತ ನೀವೇ ಹೇಳಬಹುದು. "ಸ್ಟೆಪ್ ಅಪ್ ಟು ದಿ ಪ್ಲೇಟ್" ಅಂದರೆ ಮುಂದೆ ಬಂದು ಹೊಣೆ ಹೊರುವುದು. ಊಟದ ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ.

ಬ್ರಿಟಿಷರ ಮಾತಿಗೆ ಬಂದರೆ ಕ್ರಿಕೆಟ್. ಇದು ನಮ್ಮ ಆಟವೇ ಅಲ್ವಾ, ಸುಲಭ ಅನ್ನಿಸುತ್ತದೆ. ಅರ್ಧ ನಿಜ. "ಆನ್ ದಿ ಬ್ಯಾಕ್ ಫುಟ್" ಅಂದರೆ ರಕ್ಷಣೆಗೆ ಇಳಿದ ಸ್ಥಿತಿ, ಇದು ತಕ್ಷಣ ತಿಳಿಯುತ್ತದೆ. "ಸ್ಟಿಕಿ ವಿಕೆಟ್" ಪಿಚ್ ಮುಚ್ಚುವ ಪದ್ಧತಿ ಇಲ್ಲದ ಕಾಲದ್ದು. ಮಳೆಗೆ ನೆನೆದ ಪಿಚ್ ಬಿಸಿಲಿಗೆ ಒಣಗುತ್ತಾ ಬಂದಾಗ ಚೆಂಡು ಹೇಗೆ ಪುಟಿಯುತ್ತದೆ ಅಂತ ಹೇಳುವುದೇ ಕಷ್ಟವಾಗುತ್ತಿತ್ತು. ಹಾಗಾಗಿ ಇಕ್ಕಟ್ಟಿನ ಪರಿಸ್ಥಿತಿಗೆ ಆ ಹೆಸರು. ಆದರೆ "ದಿ ನ್ಯೂಸ್ ನಾಕ್ಡ್ ಹರ್ ಫಾರ್ ಸಿಕ್ಸ್" ಅಂದರೆ? ಸಿಕ್ಸರ್ ಅಂದಕೂಡಲೇ ನಮಗೆ ಚಿನ್ನಸ್ವಾಮಿ ಕ್ರೀಡಾಂಗಣದ ಕೇಕೆ ನೆನಪಾಗುತ್ತದೆ, ಸಂತೋಷದ ಸುದ್ದಿ ಅಂದುಕೊಳ್ಳುತ್ತೇವೆ. ಅಲ್ಲ. ಆ ಮಾತಿನಲ್ಲಿ ಅವಳು ಬ್ಯಾಟ್ಸ್‌ಮನ್ ಅಲ್ಲ, ಹೊಡೆಸಿಕೊಂಡವಳು. ಸುದ್ದಿ ಕೇಳಿ ಕುಸಿದುಹೋದಳು ಅಂತ ಅರ್ಥ. ಇದಕ್ಕೆ ವಿರುದ್ಧವಾಗಿ "ಐ ವಾಸ್ ಬೌಲ್ಡ್ ಓವರ್" ಅನ್ನುವುದು ಔಟಾದ ಬೇಸರದ ಮಾತಲ್ಲ. ಖುಷಿಯಿಂದ, ಬೆರಗಿನಿಂದ ಮೂಕನಾದೆ ಅಂತ. ಆಟ ಗೊತ್ತಿದ್ದರೂ ಯಾರ ಕಡೆಯಿಂದ ಹೇಳುತ್ತಿದ್ದಾರೆ ಅಂತ ನೋಡಲೇಬೇಕು.

ಇಂಗ್ಲೆಂಡ್ ಸಮುದ್ರದ ನಡುವಿನ ನಾಡು. ಹಡಗಿನ ಮಾತುಗಳು ಅಲ್ಲಿನ ಭಾಷೆಯೊಳಗೆ ಎಷ್ಟು ಬೆರೆತುಹೋಗಿವೆ ಅಂದರೆ ಆಡುವವರಿಗೂ ಅದು ಹಡಗಿನದು ಅಂತ ನೆನಪಿರುವುದಿಲ್ಲ. ಒಟ್ಟಾರೆಯಾಗಿ ಅನ್ನುವ ಅರ್ಥದ "ಬೈ ಆ್ಯಂಡ್ ಲಾರ್ಜ್", ಮತ್ತೆ "ಟೇಕನ್ ಅಬ್ಯಾಕ್" ಎರಡೂ ಹಾಯಿ ಹಡಗಿನವು. ಎದುರುಗಾಳಿ ಬೀಸಿ ಹಾಯಿ ಹಿಂದಕ್ಕೆ ಒತ್ತಿಕೊಂಡು ಹಡಗು ತಟಕ್ಕನೆ ತಡೆದಂತಾಗುವುದು "ಅಬ್ಯಾಕ್". ಈಗ ಅನಿರೀಕ್ಷಿತ ಮಾತು ಕೇಳಿ ತಬ್ಬಿಬ್ಬಾಗುವುದಕ್ಕೆ ಅದನ್ನು ಬಳಸುತ್ತಾರೆ. "ಥ್ರೀ ಶೀಟ್ಸ್ ಟು ದಿ ವಿಂಡ್" ಅಂದರೆ ಚೆನ್ನಾಗಿ ಕುಡಿದು ತೂರಾಡುತ್ತಿದ್ದಾನೆ ಅಂತ. ಇಲ್ಲಿ ಶೀಟ್ ಅಂದರೆ ಕಾಗದವೂ ಅಲ್ಲ, ಬಟ್ಟೆಯೂ ಅಲ್ಲ. ಹಾಯಿಯ ಮೂಲೆಯನ್ನು ಹಿಡಿದಿಡುವ ಹಗ್ಗಕ್ಕೆ ನಾವಿಕರು ಹೇಳುವ ಹೆಸರು. ಅಂಥ ಹಗ್ಗಗಳು ಸಡಿಲಬಿಟ್ಟರೆ ಹಡಗು ಹಿಡಿತ ತಪ್ಪುತ್ತದೆ.

ಹೀಗೆ ಪರಿಚಿತ ಪದವೇ ದಾರಿ ತಪ್ಪಿಸುವುದಕ್ಕೆ ಇನ್ನೊಂದು ಉದಾಹರಣೆ "ಇನ್ ದಿ ಲೈಮ್‌ಲೈಟ್". ಲೈಮ್ ಅಂದರೆ ನಿಂಬೆಹಣ್ಣಲ್ಲ, ಸುಣ್ಣ. ವಿದ್ಯುತ್ ದೀಪ ಬರುವ ಮೊದಲು, 19ನೇ ಶತಮಾನದಲ್ಲಿ, ಸುಟ್ಟ ಸುಣ್ಣದ ತುಂಡನ್ನು ಅತಿ ಬಿಸಿಯಾದ ಗ್ಯಾಸಿನ ಜ್ವಾಲೆಗೆ ಹಿಡಿದು ಕಾಯಿಸುತ್ತಿದ್ದರು. ಅದು ಕಣ್ಣು ಕೋರೈಸುವಂತೆ ಬೆಳಗುತ್ತಿತ್ತು. ಆ ಬೆಳಕನ್ನು ರಂಗದ ಮೇಲಿನ ಮುಖ್ಯ ನಟರ ಮೇಲೆ ಬಿಡುತ್ತಿದ್ದರು. ಎಲ್ಲರ ಕಣ್ಣೂ ಅವರ ಮೇಲೆ. ಒಂದು ಸಲ ಈ ಸುಣ್ಣದ ಬೆಳಕು ಮನಸ್ಸಿಗೆ ಬಂದರೆ ಅರ್ಥ ಮರೆಯುವುದೇ ಇಲ್ಲ.

ಬೈಬಲ್ ಮತ್ತು ಗ್ರೀಕ್ ಕಥೆಗಳದ್ದು ಬೇರೆ ರೀತಿ. ಇಲ್ಲಿ ಊಹೆ ನಡೆಯುವುದಿಲ್ಲ. ಗಂಗೆ ಭೂಮಿಗಿಳಿದ ಕಥೆ ಗೊತ್ತಿಲ್ಲದವರಿಗೆ "ಭಗೀರಥ ಪ್ರಯತ್ನ" ಹೇಗೆ ತಿಳಿಯಬೇಕು, ಹೇಳಿ? ಹಾಗೇ "ದಿ ರೈಟಿಂಗ್ ಆನ್ ದಿ ವಾಲ್" ತಿಳಿಯಬೇಕಾದರೆ ಬೈಬಲ್ಲಿನ ದಾನಿಯೇಲನ ಭಾಗದ ಕಥೆ ಬೇಕು. ಬೇಲ್ಶಚ್ಚರ ಎಂಬ ರಾಜನ ಔತಣದ ನಡುವೆ ಒಂದು ಕೈ ಮೂಡಿ ಗೋಡೆಯ ಮೇಲೆ ಅವನ ಪತನವನ್ನು ಬರೆಯಿತು. ಹಾಗಾಗಿ ಈ ಮಾತಿನ ಅರ್ಥ, ಕೇಡಿನ ಮುನ್ಸೂಚನೆ ಕಣ್ಣೆದುರೇ ಇದೆ ಅಂತ. "ಗೋ ದಿ ಎಕ್ಸ್‌ಟ್ರಾ ಮೈಲ್" ಮತ್ತಾಯನ ಸುವಾರ್ತೆಯಿಂದ ಬಂದದ್ದು: ಒಂದು ಮೈಲಿ ಬಾ ಎಂದು ಬಲವಂತ ಮಾಡಿದವನ ಜೊತೆ ಎರಡು ಮೈಲಿ ಹೋಗು. ಅಖಿಲೀಸ್ ಹೀಲ್, ಟ್ರೋಜನ್ ಹಾರ್ಸ್, ಪಂಡೋರಾಸ್ ಬಾಕ್ಸ್ ಈ ಮೂರರ ಗ್ರೀಕ್ ಕಥೆಗಳನ್ನು ಒಂದು ಭಾನುವಾರ ಕೂತು ಓದಿಬಿಡಿ. ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಎದುರಾಗುವವು ಅವು.

ನಾಲ್ಕನೇ ಹೆಜ್ಜೆ: ಕಲಿಯುವವರ ಡಿಕ್ಷನರಿ ತೆರೆಯಿರಿ

ಇಂಗ್ಲಿಷನ್ನು ಹೊರಗಿನಿಂದ ಕಲಿಯುವವರಿಗೆಂದೇ ಮಾಡಿದ ಡಿಕ್ಷನರಿಗಳಿವೆ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಾ, ಅಲ್ಲಿನ ವಿದ್ಯಾರ್ಥಿಗಳ ಕಷ್ಟ ಕಂಡು, ಸಂಗಡಿಗರ ಜೊತೆ ಅಂಥದ್ದೊಂದನ್ನು ಸಿದ್ಧಮಾಡಿದರು. ಅದು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಮುಂದುವರಿಕೆ. ಅದೂ, ಕೇಂಬ್ರಿಡ್ಜ್ ಮತ್ತು ಲಾಂಗ್‌ಮನ್‌ನವರ ಇಂಥದೇ ಡಿಕ್ಷನರಿಗಳೂ ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಯಾವ ಪದದ ಕೆಳಗೆ ಹುಡುಕಬೇಕು ಅನ್ನುವುದೇ ಹಲವರ ತೊಂದರೆ. ಆಕ್ಸ್‌ಫರ್ಡ್‌ನಲ್ಲಿ ನುಡಿಗಟ್ಟಿನ ಮೊದಲ ಮುಖ್ಯ ಪದದ ಕೆಳಗೆ, "ಇಡಿಯಮ್ಸ್" ಅನ್ನುವ ವಿಭಾಗದಲ್ಲಿ ನೋಡಬೇಕು. ಎ, ದಿ, ಆನ್, ಬೈ ಇವನ್ನು ಲೆಕ್ಕಕ್ಕೆ ಹಿಡಿಯಬೇಡಿ. "ಬೈಟ್ ದಿ ಬುಲೆಟ್" ಬೇಕಾದರೆ "ಬೈಟ್" ನೋಡಿ. ಗೆಟ್, ಪುಟ್, ಮೇಕ್‌ನಂಥ ಎಲ್ಲೆಲ್ಲೂ ಬರುವ ಕ್ರಿಯಾಪದದಿಂದ ಶುರುವಾದರೆ ಅದನ್ನು ಬಿಟ್ಟು ಮುಂದಿನ ಪದಕ್ಕೆ ಹೋಗಿ. ನೆಟ್‌ನಲ್ಲಾದರೆ ಇಡೀ ನುಡಿಗಟ್ಟನ್ನೇ ಟೈಪ್ ಮಾಡಬಹುದು. ಆದರೆ ಬಂದ ರೂಪದಲ್ಲಲ್ಲ, ಮೂಲ ರೂಪದಲ್ಲಿ ಹಾಕಿ: "ಸ್ಪಿಲ್ಡ್" ಅಲ್ಲ, "ಸ್ಪಿಲ್".

ಅರ್ಥ ಓದಿ ಮುಚ್ಚಿಬಿಡಬೇಡಿ. ಪಕ್ಕದಲ್ಲಿರುವ ಇನ್‌ಫಾರ್ಮಲ್, ಓಲ್ಡ್ ಫ್ಯಾಶನ್ಡ್, ಬ್ರಿಟಿಷ್ ಇಂಗ್ಲಿಷ್ ಇಂಥ ಸಣ್ಣ ಗುರುತುಗಳು ಅರ್ಥದಷ್ಟೇ ಮುಖ್ಯ. ಉದಾಹರಣೆ ವಾಕ್ಯ ಅದಕ್ಕಿಂತ ಮುಖ್ಯ. ಮಾತಿನಲ್ಲಿ ಹೇಗೆ ಬರುತ್ತದೆ ಅಂತ ಕೇಳಬೇಕಾದರೆ ಯೂಗ್ಲಿಶ್ ಅನ್ನುವ ತಾಣವಿದೆ. ನುಡಿಗಟ್ಟು ಹಾಕಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಜನ ಅದನ್ನು ಆಡಿದ ಜಾಗಕ್ಕೇ ಕರೆದೊಯ್ಯುತ್ತದೆ. ಅಮೆರಿಕನ್ನರದ್ದು ಬೇಕೋ ಬ್ರಿಟಿಷರದ್ದು ಬೇಕೋ ಆರಿಸಿಕೊಳ್ಳಬಹುದು. ಅನುವಾದದ ಆ್ಯಪ್‌ಗಳನ್ನು ಬಳಸುವುದಾದರೆ ಬರೀ ನುಡಿಗಟ್ಟು ಕೊಡಬೇಡಿ. ಇಡೀ ವಾಕ್ಯ ಕೊಡಿ, ಸಾಧ್ಯವಾದರೆ ಹಿಂದಿನ ವಾಕ್ಯವನ್ನೂ ಸೇರಿಸಿ. ಬಂದ ಉತ್ತರವನ್ನು ಒಮ್ಮೆ ಡಿಕ್ಷನರಿ ಜೊತೆ ತಾಳೆ ನೋಡಿ.

ಐದನೇ ಹೆಜ್ಜೆ: ಹೇಳಿದವರು ಯಾವ ದೇಶದವರು?

ಇದಕ್ಕೆ "ಟೇಬಲ್" ಒಂದೇ ಉದಾಹರಣೆ ಸಾಕು. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು "ಟೇಬಲ್" ಮಾಡುವುದು ಅಂದರೆ ಚರ್ಚೆಗೆ ಮಂಡಿಸುವುದು. ನಮ್ಮ ಸದನಗಳಲ್ಲೂ ಅದೇ ಬಳಕೆ. ಅಮೆರಿಕದಲ್ಲಿ ಅದಕ್ಕೆ ತದ್ವಿರುದ್ಧ: ಚರ್ಚೆಯನ್ನು ಮುಂದೂಡಿ ಪಕ್ಕಕ್ಕಿಡುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾ ಮುಖ್ಯಸ್ಥರು ಕೂತ ಸಭೆಯಲ್ಲಿ ಈ ಒಂದು ಪದಕ್ಕೆ ದೊಡ್ಡ ವಾಗ್ವಾದವೇ ಆಯಿತು ಅಂತ ವಿನ್‌ಸ್ಟನ್ ಚರ್ಚಿಲ್ ಬರೆದಿದ್ದಾರೆ. ಒಂದು ಕಾಗದವನ್ನು ತುರ್ತಾಗಿ ಚರ್ಚಿಸಬೇಕು ಅಂತ ಇಬ್ಬರಿಗೂ ಇತ್ತು. ಬ್ರಿಟಿಷರು "ಟೇಬಲ್ ಮಾಡೋಣ" ಅಂದರು. ಅಮೆರಿಕನ್ನರು "ಕೂಡದು" ಅಂದರು. ಬೇಕಾದದ್ದು ಒಂದೇ ಅಂತ ತಿಳಿಯುವ ಹೊತ್ತಿಗೆ ಸಾಕಷ್ಟು ಜಗಳ ಆಗಿತ್ತು. ಇಂಗ್ಲಿಷನ್ನೇ ತಾಯಿನುಡಿ ಮಾಡಿಕೊಂಡವರ ಕಥೆ ಇದು. ನಮಗೆ ಗೊಂದಲವಾದರೆ ನಾಚಿಕೆಪಡಬೇಕಾಗಿಲ್ಲ.

"ಮೂಟ್ ಪಾಯಿಂಟ್" ಕೂಡ ಇಂಥದೇ. ಬ್ರಿಟಿಷರಿಗೆ ಅದು ಇನ್ನೂ ವಾದಕ್ಕೆ ಅವಕಾಶವಿರುವ ವಿಷಯ. ಅಮೆರಿಕನ್ನರಿಗೆ ಸಾಮಾನ್ಯವಾಗಿ ಇನ್ನು ಚರ್ಚಿಸಿ ಪ್ರಯೋಜನವಿಲ್ಲದ ವಿಷಯ. ಇನ್ನು "ಕ್ವೈಟ್ ಗುಡ್" ಅಂತ ಬ್ರಿಟಿಷ್ ಬಾಸ್ ಬರೆದರೆ ತೀರಾ ಹಿಗ್ಗಬೇಡಿ, ಪರವಾಗಿಲ್ಲ ಅನ್ನುವಷ್ಟೇ ಇರಬಹುದು. ಅದೇ ಮಾತು ಅಮೆರಿಕನ್ನರ ಬಾಯಲ್ಲಿ ಹೊಗಳಿಕೆ.

ಆರನೇ ಹೆಜ್ಜೆ: ಯಾವ ಧಾಟಿಯ ಮಾತು ಅಂತ ತೂಗಿ ನೋಡಿ

"ಕಿಕ್ ದಿ ಬಕೆಟ್" ಅಂದರೆ ಸಾಯುವುದು ಅಂತ ನಮ್ಮ ಗೈಡುಗಳಲ್ಲೆಲ್ಲ ಇದೆ. ಅಷ್ಟೇ ಇದೆ, ಅದೇ ಅಪಾಯ. ಕನ್ನಡದಲ್ಲಿ "ಗೊಟಕ್ ಅಂದ" ಅನ್ನುವುದಕ್ಕೂ ಸಾಯುವುದು ಅಂತಲೇ ಅರ್ಥ. ಸಹೋದ್ಯೋಗಿಯ ತಂದೆ ಹೋದಾಗ ಯಾರಾದರೂ ಆ ಮಾತು ಆಡುತ್ತಾರಾ? "ತೀರಿಕೊಂಡರಂತೆ" ಅನ್ನುತ್ತೇವೆ. "ಕಿಕ್ ದಿ ಬಕೆಟ್" ಆ "ಗೊಟಕ್" ಜಾತಿಯದು. ದುಃಖದಲ್ಲಿರುವವರಿಗೆ ಬರೆಯಬೇಕಾದದ್ದು "ಪಾಸ್ಡ್ ಅವೇ". ನುಡಿಗಟ್ಟಿನ ಅರ್ಥವನ್ನು ಮಾತ್ರ ಕಲಿತು ಧಾಟಿ ಕಲಿಯದಿದ್ದರೆ, ಒಳ್ಳೆಯ ಮನಸ್ಸಿನಿಂದ ಬರೆದ ಸಂತಾಪದ ಮಾತೇ ಎದುರಿನವರನ್ನು ನೋಯಿಸಿಬಿಡುತ್ತದೆ. ಪಟ್ಟಿ ಮಾಡಿ ಉರು ಹೊಡೆಸುವ ಪದ್ಧತಿಯನ್ನು ನಾನು ಒಪ್ಪದಿರುವುದು ಮುಖ್ಯವಾಗಿ ಈ ಕಾರಣಕ್ಕೆ.

"ವಿತ್ ಆಲ್ ಡ್ಯೂ ರೆಸ್ಪೆಕ್ಟ್" ಅಂತ ಶುರುವಾದರೆ ಮುಂದೆ ಬರುವುದು ಗೌರವವಲ್ಲ, ಭಿನ್ನಾಭಿಪ್ರಾಯ. ಇನ್ನು ಕೆಲವು ಹಳತಾಗಿವೆ. "ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್" ನಮ್ಮ ಪಠ್ಯಗಳ ಅಚ್ಚುಮೆಚ್ಚು. ಆದರೆ ಈಗ ಮಳೆ ಸುರಿಯುವಾಗ ಇಂಗ್ಲಿಷಿನವರು "ಇಟ್ಸ್ ಪೋರಿಂಗ್" ಅನ್ನುವುದೇ ಹೆಚ್ಚು. ಅಂದಹಾಗೆ, ಆ ನಾಯಿ ಬೆಕ್ಕು ಎಲ್ಲಿಂದ ಬಂದವು ಅನ್ನುವುದಕ್ಕೆ ಗಟ್ಟಿ ಉತ್ತರವಿಲ್ಲ. ಹುಲ್ಲಿನ ಚಾವಣಿಯಿಂದ ಅವು ಜಾರಿ ಬೀಳುತ್ತಿದ್ದವು ಅನ್ನುವ ಕಥೆ ಇಮೇಲ್ ಕಾಲದಿಂದಲೂ ಹರಿದಾಡುತ್ತಿದೆ, ಅದು ಕಟ್ಟುಕಥೆ. "ಸೇವ್ಡ್ ಬೈ ದಿ ಬೆಲ್" ಶವಪೆಟ್ಟಿಗೆಗೆ ಕಟ್ಟಿದ ಗಂಟೆಯಿಂದ ಬಂತು ಅನ್ನುವುದೂ ಅಂಥದ್ದೇ, ಅದು ಬಾಕ್ಸಿಂಗ್‌ನ ಮಾತು. ಮೂಲದ ಕಥೆ ಸ್ವಾರಸ್ಯವಾಗಿದ್ದಷ್ಟೂ ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.

ಏಳನೇ ಹೆಜ್ಜೆ: ಕನ್ನಡದ ಜೊತೆ ಹೋಲಿಸಿ, ಆದರೆ ಎಚ್ಚರದಿಂದ

ನಮ್ಮ ಭಾಷೆ ಇಲ್ಲಿ ದೊಡ್ಡ ಆಸರೆ. "ಐ ಆ್ಯಮ್ ಆಲ್ ಇಯರ್ಸ್" ಅಂದರೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೇನೆ. "ಆ್ಯಡ್ ಫ್ಯೂಯೆಲ್ ಟು ದಿ ಫೈರ್" ಅಂದರೆ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು. "ಎ ಡ್ರಾಪ್ ಇನ್ ದಿ ಓಶನ್" ಅಂದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಯಾರ ಪರವೂ ವಹಿಸದೆ "ಸಿಟ್ ಆನ್ ದಿ ಫೆನ್ಸ್" ಮಾಡುವವರು ನಮ್ಮಲ್ಲಿ ಅಡ್ಡಗೋಡೆ ಮೇಲೆ ದೀಪ ಇಡುತ್ತಾರೆ. ಅರ್ಥ ಪೂರಾ ಒಂದೇ ಅಲ್ಲದಿದ್ದರೂ ನೆನಪಿಟ್ಟುಕೊಳ್ಳಲು ಇಷ್ಟು ಸಾಕು.

ಕಷ್ಟ ಶುರುವಾಗುವುದು ಎರಡೂ ಭಾಷೆಯಲ್ಲಿ ಅದೇ ಅಂಗ, ಅದೇ ಕ್ರಿಯೆ ಬಂದು ಅರ್ಥ ಬೇರೆಯಾದಾಗ. ಅದರಲ್ಲೂ ಕೈ, ಕಾಲು, ತಲೆ.

"ಗಿವ್ ಮಿ ಎ ಹ್ಯಾಂಡ್" ಅಂದರೆ ಸಹಾಯ ಮಾಡು. ನಮ್ಮಲ್ಲಿ ಯಾರಾದರೂ "ಕೈಕೊಟ್ಟ" ಅಂದರೆ ನಡುನೀರಿನಲ್ಲಿ ಬಿಟ್ಟುಹೋದ. ಪೂರಾ ಉಲ್ಟಾ. ಸಭೆಯಲ್ಲಿ "ಗಿವ್ ಹರ್ ಎ ಬಿಗ್ ಹ್ಯಾಂಡ್" ಅಂದರೆ ಅದೂ ಬೇರೆ, ಜೋರಾಗಿ ಚಪ್ಪಾಳೆ ತಟ್ಟಿ ಅಂತ.

"ಹಿ ಬಿಟ್ ಮೈ ಹೆಡ್ ಆಫ್" ಅಂದರೆ ಸಣ್ಣ ವಿಷಯಕ್ಕೆ ಸಿಟ್ಟಿನಿಂದ ಹರಿಹಾಯ್ದ. ನಮ್ಮ "ತಲೆ ತಿಂದ" ಅನ್ನುವುದರಲ್ಲಿ ಸಿಟ್ಟಿಲ್ಲ, ಬಿಡದೆ ಕೊರೆಯುವುದಿದೆ.

"ಪುಲ್ ಸಮ್‌ವನ್ಸ್ ಲೆಗ್" ಅಂದರೆ ಸುಳ್ಳು ಹೇಳಿ ತಮಾಷೆಗೆ ನಂಬಿಸುವುದು. ಅದರಲ್ಲಿ ಕೆಡುಕಿಲ್ಲ. ಕನ್ನಡದಲ್ಲಿ ಕಾಲೆಳೆಯುವುದು ತಮಾಷೆಗೂ ಆದೀತು, ಮೇಲೆ ಬರುತ್ತಿರುವವರನ್ನು ಕೆಳಗೆ ಬೀಳಿಸುವುದಕ್ಕೂ ಆದೀತು. "ಮೈ ಕಲೀಗ್ಸ್ ಪುಲ್ ಮೈ ಲೆಗ್" ಅಂತ ನೀವು ದೂರು ಕೊಟ್ಟರೆ ಎದುರಿಗಿರುವ ಇಂಗ್ಲಿಷಿನವರಿಗೆ ನಿಮ್ಮ ಸಂಕಟ ತಿಳಿಯುವುದೇ ಇಲ್ಲ. ಖುಷಿಯಾಗಿದ್ದೀರಿ ಅಂದುಕೊಳ್ಳುತ್ತಾರೆ.

"ವಾಶ್ ಯುವರ್ ಹ್ಯಾಂಡ್ಸ್ ಆಫ್ ಇಟ್" ಅಂದರೆ ಇನ್ನು ನನಗೂ ಇದಕ್ಕೂ ಸಂಬಂಧವಿಲ್ಲ ಅಂತ ಹೊಣೆ ಕಳಚಿಕೊಳ್ಳುವುದು. ಕನ್ನಡದ ಕೈ ತೊಳೆದುಕೊಳ್ಳುವುದಕ್ಕೂ ಈ ಅರ್ಥವಿದೆ. ಆದರೆ "ಕೈ ತೊಳೆದುಕೊಂಡು ಬೆನ್ನು ಹತ್ತಿದ" ಅಂದರೆ ಬಿಡದೆ ಕಾಡಿದ! ಇಂಥ ಜೋಡಿಗಳು ಸಿಕ್ಕಾಗ ಎರಡನ್ನೂ ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ಎಲ್ಲಿ ಬೇರೆಯಾಗುತ್ತವೆ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ.

ಎಂಟನೇ ಹೆಜ್ಜೆ: ಕೇಳಿ, ಬರೆದಿಡಿ, ನಿಧಾನಕ್ಕೆ ಬಳಸಿ

ಎದುರಾಎದುರು ಮಾತಾಡುವಾಗ ಡಿಕ್ಷನರಿ ನೋಡಲು ಸಮಯವಿರುವುದಿಲ್ಲ. ಆಗ ತಲೆಯಾಡಿಸಿ ಸುಮ್ಮನಾಗಬೇಡಿ. "ವಾಟ್ ಡಸ್ ಇಟ್ ಮೀನ್?" ಅನ್ನುವುದಕ್ಕಿಂತ ನಿಮಗೆ ತಿಳಿದದ್ದನ್ನು ಸರಳ ಇಂಗ್ಲಿಷಿನಲ್ಲಿ ತಿರುಗಿ ಹೇಳಿ: "ಸೋ, ಎ ರಫ್ ಎಸ್ಟಿಮೇಟ್ ಈಸ್ ಇನಫ್, ರೈಟ್?" ಸರಿ ಇದ್ದರೆ ಹೌದು ಅನ್ನುತ್ತಾರೆ, ತಪ್ಪಿದ್ದರೆ ಅವರೇ ಬಿಡಿಸಿ ಹೇಳುತ್ತಾರೆ. ಹೀಗೆ ಕೇಳುವವರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಕೆಲಸ ಸರಿಯಾಗಿ ಆಗಲಿ ಅನ್ನುವ ಕಾಳಜಿ ಇದೆ ಅಂದುಕೊಳ್ಳುತ್ತಾರೆ.

ಒಂದು ನೋಟ್‌ಬುಕ್ ಇಡಿ. ನುಡಿಗಟ್ಟು ಮತ್ತು ಅರ್ಥ ಅಂತ ಎರಡು ಕಾಲಂ ಹಾಕಿದರೆ ಸಾಲದು. "ಬೈಟ್ ದಿ ಬುಲೆಟ್" ಸಿಕ್ಕಿತು ಅನ್ನಿ. ಮೊದಲು ನೀವು ಕಂಡ ಇಡೀ ವಾಕ್ಯ ಬರೆಯಿರಿ: "ವಿ ಬಿಟ್ ದಿ ಬುಲೆಟ್ ಆ್ಯಂಡ್ ಸೋಲ್ಡ್ ದಿ ಕಾರ್." ಕೆಳಗೆ ಕನ್ನಡದಲ್ಲಿ ಸಂದರ್ಭ: ಇಷ್ಟವಿಲ್ಲದಿದ್ದರೂ, ಬಹಳ ದಿನ ಮುಂದೂಡಿದ ಮೇಲೆ, ಮನಸ್ಸು ಗಟ್ಟಿ ಮಾಡಿ ಮಾಡಿದ್ದು. ಅದರ ಕೆಳಗೆ ಯಾರು ಹೇಳಿದ್ದು, ಯಾವ ದೇಶ, ಇಮೇಲಿನಲ್ಲೋ ಹರಟೆಯಲ್ಲೋ. ಕೊನೆಗೆ ನಿಮ್ಮ ಜೀವನದ ಒಂದು ವಾಕ್ಯ. ಹಲ್ಲು ಕೀಳಿಸಿಕೊಂಡದ್ದಿರಬಹುದು, ಸಾಲ ತೀರಿಸಿದ್ದಿರಬಹುದು. ಹ್ಯಾಂಡ್ ಇರುವ ಹತ್ತು ನುಡಿಗಟ್ಟನ್ನು ಒಂದೇ ದಿನ ಕಲಿಯಲು ಹೋಗಬೇಡಿ, ಒಂದಕ್ಕೊಂದು ಕಲಸಿಹೋಗುತ್ತವೆ. ತಡವಾದಾಗ ಹೇಳುವ ಮಾತು, ಒಪ್ಪಿಗೆಯಿಲ್ಲದಾಗ ಹೇಳುವ ಮಾತು, ಹಣದ ಮಾತು, ಹೀಗೆ ಸಂದರ್ಭ ನೋಡಿ ಗುಂಪು ಮಾಡಿ.

ಒಂದೇ ನುಡಿಗಟ್ಟನ್ನು ಬೇರೆ ಬೇರೆಯವರ ಬಾಯಲ್ಲಿ ಕೆಲವು ಸಲ ಕೇಳಿದ ಮೇಲಷ್ಟೇ ನೀವು ಬಳಸಿ. ಮೊದಲು "ಆನ್ ದಿ ಸೇಮ್ ಪೇಜ್", "ಕೀಪ್ ಮಿ ಇನ್ ದಿ ಲೂಪ್" ಇಂಥ ನಿರಪಾಯದವು ಸಾಕು. ಎಲ್ಲರದ್ದೂ ಒಂದೇ ತಿಳುವಳಿಕೆ ಇರಲಿ ಅನ್ನುವುದಕ್ಕೆ ಮೊದಲನೆಯದು, ನನಗೂ ವಿಷಯ ತಿಳಿಸುತ್ತಿರಿ ಅನ್ನುವುದಕ್ಕೆ ಎರಡನೆಯದು. ಪದ ಬದಲಿಸಬೇಡಿ, ಏಕವಚನ ಬಹುವಚನ ಕೂಡ ತಿದ್ದಬೇಡಿ. ಬೀನ್ಸ್ ಬೀನ್ಸೇ ಆಗಿರಬೇಕು, ಬೀನ್ ಆದರೆ ಕೆಟ್ಟಿತು.

ಹಾಗೆಯೇ ನಮ್ಮ ಇಂಗ್ಲಿಷ್ ಕೂಡ ಬೇರೆಯವರಿಗೆ ಒಗಟಾಗುತ್ತದೆ ಅನ್ನುವುದು ನೆನಪಿರಲಿ. "ಡು ದಿ ನೀಡ್‌ಫುಲ್", "ಹಿ ಈಸ್ ಔಟ್ ಆಫ್ ಸ್ಟೇಷನ್", "ಡೋಂಟ್ ಈಟ್ ಮೈ ಹೆಡ್" ಇವೆಲ್ಲ ನಮ್ಮ ನಡುವೆ ಸಲೀಸಾಗಿ ನಡೆಯುತ್ತವೆ. ಹೊರಗಿನವರಿಗೆ ಬರೆಯುವಾಗ ಏನು ಮಾಡಬೇಕು ಅಂತ ಬಿಡಿಸಿ ಬರೆಯಿರಿ, ಊರಲ್ಲಿಲ್ಲ ಅನ್ನುವುದಕ್ಕೆ "ಹಿ ಈಸ್ ಔಟ್ ಆಫ್ ಟೌನ್" ಅನ್ನಿ. ಮೂರನೆಯದನ್ನು ಕನ್ನಡ ಬಲ್ಲ ಗೆಳೆಯರಿಗೇ ಬಿಡಿ.